ಐಎಸ್‌ಐ ಮುದ್ರೆ ಇದ್ದರೂ, ಇಲ್ಲದಿದ್ದರೂ ತಯಾರಕರ ಹೊಣೆ ಎಷ್ಟು?

2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಗುಣಮಟ್ಟ ನಿಯಂತ್ರಣ ಆದೇಶಗಳನ್ನು, ಅಂದರೆ ನಿರ್ದಿಷ್ಟ ವಸ್ತುಗಳಿಗೆ ಮಾನಕ ಮುದ್ರೆಯನ್ನು ಕಡ್ಡಾಯ ಮಾಡುವ ಆದೇಶಗಳನ್ನು, ಒಟ್ಟಿಗೇ ಹಿಂಪಡೆಯಿತು. ಇಂಥ ಸುದ್ದಿ ಪತ್ರಿಕೆಯ ವಾಣಿಜ್ಯ ಪುಟದಿಂದ ಮೊಬೈಲಿಗೆ, ಮೊಬೈಲಿನಿಂದ ಅಂಗಡಿಯ ಗಲ್ಲೆಯ ಮಾತಿಗೆ ಇಳಿಯುವಷ್ಟರಲ್ಲಿ "ಐಎಸ್‌ಐ ಕಡ್ಡಾಯ ತೆಗೆದರಂತೆ" ಎಂಬ ಒಂದೇ ಸಾಲಾಗಿಬಿಡುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಕುಕ್ಕರ್ ಕೊಳ್ಳುವವರಿಗೂ, ಬೀದರಿನ ಉಸ್ಮಾನ್‌ಗಂಜಿನಲ್ಲಿ ಅದನ್ನು ಮಾರುವವರಿಗೂ ಇದರಿಂದ ಎರಡು ಪ್ರಶ್ನೆಗಳು ಏಳುತ್ತವೆ. ಮುದ್ರೆ ಕಡ್ಡಾಯವಲ್ಲದ ವಸ್ತುವಿನಿಂದ ಗಾಯವಾದರೆ ಯಾರನ್ನು ಕೇಳಬೇಕು? ಮುದ್ರೆ ಇದ್ದ ವಸ್ತುವೇ ಸಿಡಿದರೆ, "ಸರ್ಕಾರವೇ ಪಾಸು ಮಾಡಿದ ಮಾಲು" ಎಂದು ಕಂಪನಿ ಕೈತೊಳೆದುಕೊಳ್ಳಬಹುದೇ?

ಈ ಎರಡೂ ಪ್ರಶ್ನೆಗಳ ಬೇರು ಒಂದೇ ಗೊಂದಲದಲ್ಲಿದೆ. ಸುರಕ್ಷತಾ ನಿಯಮ ಮತ್ತು ಪರಿಹಾರದ ದಾವೆ ಒಂದೇ ಕಾನೂನಿನ ಎರಡು ತುದಿಗಳೆಂದು ನಾವು ಭಾವಿಸಿದ್ದೇವೆ. ವಾಸ್ತವದಲ್ಲಿ ಅವು ಬೇರೆ ಬೇರೆ ಕಾಯ್ದೆಗಳಿಂದ ಹುಟ್ಟಿವೆ, ಬೇರೆ ಬೇರೆ ಕಚೇರಿಗಳಲ್ಲಿ ನಡೆಯುತ್ತವೆ, ಬೇರೆ ಬೇರೆ ಪ್ರಶ್ನೆ ಕೇಳುತ್ತವೆ. ಒಂದರಲ್ಲಿ ಪಾಸಾದ ಮಾತ್ರಕ್ಕೆ ಇನ್ನೊಂದರಲ್ಲಿ ಪಾರಾದಂತಾಗುವುದಿಲ್ಲ.

ರದ್ದಾದದ್ದು ಯಾವುದು, ಉಳಿದದ್ದು ಯಾವುದು

ಮೊದಲು ಸುದ್ದಿಯನ್ನೇ ಸರಿಯಾಗಿ ಓದೋಣ. ಆಗ ಹಿಂಪಡೆದ ಆದೇಶಗಳು ಪಾಲಿಯೆಸ್ಟರ್ ನೂಲು, ಪಾಲಿಪ್ರೊಪಿಲೀನ್, ಪಾಲಿಎಥಿಲೀನ್‌ನಂಥ ಕೈಗಾರಿಕಾ ಕಚ್ಚಾವಸ್ತುಗಳಿಗೆ ಸಂಬಂಧಿಸಿದವು. ಕಡ್ಡಾಯ ಪ್ರಮಾಣೀಕರಣದಿಂದ ಆಮದು ಕಷ್ಟವಾಗಿ, ನೂಲು ಮತ್ತು ಪ್ಲಾಸ್ಟಿಕ್ ಕಚ್ಚಾಮಾಲಿನ ಬೆಲೆ ಏರುತ್ತಿದೆ ಎಂಬುದು ಬಟ್ಟೆ ಉದ್ದಿಮೆ ಹಾಗೂ ಸಣ್ಣ ಕಾರ್ಖಾನೆಗಳ ದೂರಾಗಿತ್ತು. ಮನೆಯೊಳಗೆ ನೇರವಾಗಿ ಬಳಸುವ ವಸ್ತುಗಳ ಆದೇಶಗಳನ್ನು ಆ ತೀರ್ಮಾನ ಮುಟ್ಟಲಿಲ್ಲ. ಆಟಿಕೆಗಳಿಗೆ 2021ರ ಜನವರಿ 1ರಿಂದ, ಪ್ರೆಷರ್ ಕುಕ್ಕರ್‌ಗಳಿಗೆ 2021ರ ಫೆಬ್ರವರಿ 1ರಿಂದ, ದ್ವಿಚಕ್ರ ವಾಹನ ಸವಾರರ ಹೆಲ್ಮೆಟ್‌ಗಳಿಗೆ 2021ರ ಜೂನ್ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯವಾದದ್ದು ಬೇರೆ ಬೇರೆ ಆದೇಶಗಳ ಮೂಲಕ.

ಹೀಗಾಗಿ "ಐಎಸ್‌ಐ ಹೋಯಿತು" ಎಂಬ ಮಾತು ಅಡುಗೆಮನೆಯ ಮಟ್ಟಿಗೆ ತಪ್ಪು. ಆದರೆ ಸುದ್ದಿಯ ಹಿಂದೆ ಒಂದು ದಿಕ್ಕು ಇದೆ ಎಂಬುದನ್ನು ಅಲ್ಲಗಳೆಯಲಾಗದು. ಕೆಲವೇ ವರ್ಷಗಳಲ್ಲಿ ಇಂಥ ಆದೇಶಗಳ ಸಂಖ್ಯೆ ನೂರೈವತ್ತನ್ನು ದಾಟಿತ್ತು; ಈಗ ಅವುಗಳನ್ನು ಮರುಪರಿಶೀಲಿಸುವ ಗಾಳಿ ಬೀಸುತ್ತಿದೆ. ಗೃಹಬಳಕೆಯ ವಿದ್ಯುತ್ ಉಪಕರಣಗಳೆಲ್ಲವನ್ನೂ ಒಂದೇ ಸುರಕ್ಷತಾ ಆದೇಶದ ಕೆಳಗೆ ತರುವ ಪ್ರಯತ್ನದಲ್ಲಿಯೂ ಜಾರಿಯ ದಿನಾಂಕ ಮುಂದಕ್ಕೆ ಹೋಯಿತು. ನಿಯಮ ಹಿಂದೆ ಸರಿದಷ್ಟೂ, ಅನಾಹುತದ ನಂತರ ಕೇಳುವ ಪರಿಹಾರದ ಮೇಲೆ ಭಾರ ಹೆಚ್ಚುತ್ತದೆ. ಆ ಭಾರ ಹೊರುವ ಶಕ್ತಿ ನಮ್ಮ ಜಿಲ್ಲೆಗಳ ವ್ಯವಸ್ಥೆಗೆ ಇದೆಯೇ ಎಂಬುದೇ ನಿಜವಾಗಿ ಚರ್ಚೆಯಾಗಬೇಕಾದ ವಿಷಯ.

ಅನಾಹುತಕ್ಕೆ ಮುಂಚೆ ಒಂದು ದಾರಿ, ನಂತರ ಇನ್ನೊಂದು

ಸುರಕ್ಷತಾ ನಿಯಂತ್ರಣ ಅನಾಹುತಕ್ಕೆ ಮುಂಚೆ ಕೆಲಸ ಮಾಡುತ್ತದೆ. ಐಎಸ್‌ಐ ಮುದ್ರೆಗೆ ಪರವಾನಗಿ ಕೊಡುವ ಭಾರತೀಯ ಮಾನಕ ಬ್ಯೂರೊದ 2016ರ ಕಾಯ್ದೆಯ ಪ್ರಕಾರ, ಕಡ್ಡಾಯ ಪಟ್ಟಿಯಲ್ಲಿರುವ ವಸ್ತುವನ್ನು ಪರವಾನಗಿಯೂ ಮುದ್ರೆಯೂ ಇಲ್ಲದೆ ತಯಾರಿಸುವಂತಿಲ್ಲ, ಆಮದು ಮಾಡುವಂತಿಲ್ಲ, ಮಾರುವಂತಿಲ್ಲ. ಯಾರಿಗೂ ಗಾಯವಾಗಿರಬೇಕೆಂದಿಲ್ಲ, ಮುದ್ರೆಯಿಲ್ಲದ ಕುಕ್ಕರ್ ಅಂಗಡಿಯ ಕಪಾಟಿನಲ್ಲಿ ಇರುವುದೇ ಅಪರಾಧ. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಎರಡು ದೊಡ್ಡ ಆನ್‌ಲೈನ್ ಮಾರಾಟ ಸಂಸ್ಥೆಗಳ ಮೇಲೆ ಇಂಥದ್ದೇ ಕಾರಣಕ್ಕೆ ಕ್ರಮ ಕೈಗೊಂಡಿತು. ಒಂದರ ಮೂಲಕ ಮಾರಾಟವಾದ 2,265 ಕುಕ್ಕರ್‌ಗಳನ್ನೂ ಇನ್ನೊಂದರ 598 ಕುಕ್ಕರ್‌ಗಳನ್ನೂ ವಾಪಸು ಪಡೆದು ಗ್ರಾಹಕರಿಗೆ ಹಣ ಮರಳಿಸಬೇಕೆಂದು ಆದೇಶಿಸಿ, ತಲಾ ಒಂದು ಲಕ್ಷ ರೂಪಾಯಿ ದಂಡ ಹಾಕಿತು.

ದಂಡದ ಮೊತ್ತ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ಕೊಂಡವರಿಗೆ ಸಿಗುವುದು ಕೊಟ್ಟ ಬೆಲೆ. ಆ ಕುಕ್ಕರ್‌ಗಳಲ್ಲಿ ಒಂದು ಸಿಡಿದು ಯಾರದೋ ಮುಖ ಸುಟ್ಟಿದ್ದರೆ, ಚಿಕಿತ್ಸೆಯ ಖರ್ಚಾಗಲಿ ದುಡಿಮೆ ತಪ್ಪಿದ ನಷ್ಟವಾಗಲಿ ಆ ಆದೇಶದಿಂದ ತುಂಬುತ್ತಿರಲಿಲ್ಲ. ಅದಕ್ಕೆ ಎರಡನೆಯ ದಾರಿಯಾದ ಪರಿಹಾರದ ದಾವೆಯೇ ಬೇಕು. ದಾವೆಯಲ್ಲಿ ಕೇಳುವ ಪ್ರಶ್ನೆಯೇ ಬೇರೆ: ಈ ನಿರ್ದಿಷ್ಟ ವಸ್ತುವಿನಲ್ಲಿ ದೋಷವಿತ್ತೇ, ಆ ದೋಷದಿಂದಲೇ ಈ ವ್ಯಕ್ತಿಗೆ ಹಾನಿಯಾಯಿತೇ, ಆದದ್ದಾದರೆ ಹಾನಿಯ ಬೆಲೆ ಎಷ್ಟು?

ಎರಡೂ ದಾರಿಗಳು ಏಕೆ ಬೇಕು ಎಂಬುದಕ್ಕೆ ಗೋಡೆಯ ಬಣ್ಣದ ಉದಾಹರಣೆ ಸಾಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಅಂಶ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಸೀಸದ ವಿಷ ಮಗುವಿನ ದೇಹಕ್ಕೆ ನಿಧಾನವಾಗಿ ಸೇರುತ್ತದೆ, ಪರಿಣಾಮ ವರ್ಷಗಳ ಮೇಲೆ ಕಾಣುತ್ತದೆ. ಅಷ್ಟರಲ್ಲಿ ಯಾವ ಗೋಡೆ, ಯಾವ ಡಬ್ಬಿ, ಯಾವ ಕಂಪನಿ ಎಂದು ಸಾಬೀತು ಮಾಡಲು ಯಾವ ತಂದೆತಾಯಿಗೂ ಸಾಧ್ಯವಿಲ್ಲ. ಇಂಥ ಕಣ್ಣಿಗೆ ಕಾಣದ, ತಡವಾಗಿ ಬರುವ ಹಾನಿಯನ್ನು ದಾವೆಯಿಂದ ತಡೆಯಲಾಗದು. ಮುಂಚಿನ ನಿಯಮವೊಂದೇ ಕಾವಲು. ಸಿಡಿದ ಕುಕ್ಕರ್, ಶಾಕ್ ಹೊಡೆದ ಗೀಸರ್, ಮುರಿದ ಏಣಿಗಳ ಹಾನಿ ತಕ್ಷಣದ್ದು, ಕಾರಣ ಕಣ್ಣೆದುರಿನದು. ಇಲ್ಲಿ ದಾವೆಗೆ ಬಲವಿದೆ. ಪಟ್ಟಿಗೆ ಇನ್ನೂ ಸೇರದ ಹೊಸ ವಸ್ತುಗಳ ಮಟ್ಟಿಗಂತೂ ನಿಯಂತ್ರಕರು ಎಚ್ಚೆತ್ತುಕೊಳ್ಳುವ ತನಕ ದಾವೆಯೇ ಗತಿ.

2019ರ ಕಾಯ್ದೆಯ ಆರನೆಯ ಅಧ್ಯಾಯ

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಗೆಂದೇ ಒಂದು ಅಧ್ಯಾಯವಿದೆ. 82ರಿಂದ 87ರವರೆಗಿನ ಆರು ಕಲಮುಗಳು. 1986ರ ಹಳೆಯ ಕಾಯ್ದೆಯಲ್ಲಿ ದೋಷಪೂರಿತ ವಸ್ತುವಿಗೆ ಪರಿಹಾರ ಕೇಳಬಹುದಿತ್ತಾದರೂ, ತಯಾರಕರು, ಮಾರಾಟಗಾರರು, ರಿಪೇರಿ ಮಾಡುವವರು ಯಾವ ಯಾವ ಸಂದರ್ಭದಲ್ಲಿ ಹೊಣೆಗಾರರು ಎಂದು ಇಷ್ಟು ಬಿಡಿಸಿ ಹೇಳಿರಲಿಲ್ಲ.

84ನೇ ಕಲಮಿನ ಪ್ರಕಾರ ತಯಾರಕರನ್ನು ಹಿಡಿಯಲು ಐದು ಕಾರಣಗಳಿವೆ. ತಯಾರಿಕೆಯಲ್ಲಿ ದೋಷ, ವಿನ್ಯಾಸದಲ್ಲೇ ದೋಷ, ತಾನೇ ಹಾಕಿಕೊಂಡ ಅಳತೆ-ಮಾನದಂಡಗಳಿಂದ ಆಚೀಚೆ ಆಗಿರುವುದು, ಕೊಟ್ಟ ಸ್ಪಷ್ಟ ಭರವಸೆಗೆ ತಕ್ಕಂತೆ ಇಲ್ಲದಿರುವುದು, ಸರಿಯಾಗಿ ಬಳಸುವ ಸೂಚನೆ ಅಥವಾ ತಪ್ಪಾಗಿ ಬಳಸಿದರೆ ಆಗುವ ಅಪಾಯದ ಎಚ್ಚರಿಕೆ ಸಾಕಷ್ಟು ಇಲ್ಲದಿರುವುದು. ಸ್ಪಷ್ಟ ಭರವಸೆ ಕೊಟ್ಟಿದ್ದರೆ, ಅದನ್ನು ಕೊಡುವಾಗ ತನ್ನಿಂದ ನಿರ್ಲಕ್ಷ್ಯವಾಗಲಿ ವಂಚನೆಯಾಗಲಿ ಆಗಿರಲಿಲ್ಲ ಎಂದು ತೋರಿಸಿಕೊಟ್ಟರೂ ತಯಾರಕರಿಗೆ ಬಿಡುಗಡೆಯಿಲ್ಲ.

ಹಾನಿ ಎಂಬ ಮಾತಿಗೂ ಕಾಯ್ದೆ ಗಡಿ ಹಾಕಿದೆ. ಗಾಯ, ರೋಗ, ಸಾವು, ಅವುಗಳಿಂದಾಗುವ ಮಾನಸಿಕ ಯಾತನೆ, ಬೇರೆ ಆಸ್ತಿಗೆ ಆದ ನಷ್ಟ ಇವೆಲ್ಲ ಅದರಲ್ಲಿ ಸೇರುತ್ತವೆ. ಆ ವಸ್ತುವೇ ಹಾಳಾದದ್ದು ಈ ಅಧ್ಯಾಯದ ಹಾನಿಯಲ್ಲ. ಅದಕ್ಕೆ ದೋಷಪೂರಿತ ಸರಕಿನ ಸಾಮಾನ್ಯ ದೂರು ಸಾಕು. ಬಿಲ್ಲು ಯಾರ ಹೆಸರಿನಲ್ಲಿದೆಯೋ ಅವರು ಮಾತ್ರವೇ ಗ್ರಾಹಕರು ಎಂಬ ತಪ್ಪು ತಿಳಿವಳಿಕೆ ಬೇರೂರಿದೆ. ಕೊಂಡವರ ಒಪ್ಪಿಗೆಯಿಂದ ಬಳಸುವ ಮನೆಯವರೂ ಗ್ರಾಹಕರೇ, ಗ್ರಾಹಕರು ಸತ್ತರೆ ವಾರಸುದಾರರು ದೂರು ಕೊಡಬಹುದು.

ಮುದ್ರೆ ತಯಾರಕರಿಗೆ ಗುರಾಣಿಯೇ?

ಚರ್ಚೆಯ ಕೇಂದ್ರ ಇದು. ತಯಾರಕರು, ಮಾರಾಟಗಾರರು ಯಾವಾಗ ಹೊಣೆಯಿಂದ ತಪ್ಪಿಸಿಕೊಳ್ಳಬಹುದು ಎಂಬುದನ್ನು 87ನೇ ಕಲಂ ಹೇಳುತ್ತದೆ. ವಸ್ತುವನ್ನು ದುರ್ಬಳಕೆ ಮಾಡಿದ್ದರೆ ಅಥವಾ ಬದಲಾಯಿಸಿದ್ದರೆ ಮಾರಾಟಗಾರರ ಮೇಲೆ ದಾವೆ ನಿಲ್ಲುವುದಿಲ್ಲ. ಎಚ್ಚರಿಕೆ ಕೊಡಲಿಲ್ಲ ಎಂಬ ಆರೋಪ ಇದ್ದಾಗ, ಎಚ್ಚರಿಕೆಯನ್ನು ಕೆಲಸದ ಸ್ಥಳದ ಮಾಲೀಕರಿಗೆ ಕೊಟ್ಟಿದ್ದರೆ, ಪರಿಣತರ ಉಸ್ತುವಾರಿಯಲ್ಲಿ ಮಾತ್ರ ಬಳಸಬೇಕಾದ ವಸ್ತುವಿನ ಎಚ್ಚರಿಕೆಯನ್ನು ಆ ಪರಿಣತರಿಗೆ ಕೊಟ್ಟಿದ್ದರೆ, ಬಳಸಿದವರು ಮದ್ಯದ ಅಮಲಿನಲ್ಲಿದ್ದರೆ, ಅಪಾಯ ಎಲ್ಲರಿಗೂ ಗೊತ್ತಿರುವಂಥದ್ದಾಗಿದ್ದರೆ ತಯಾರಕರಿಗೆ ರಿಯಾಯಿತಿಯಿದೆ. ಈ ಪಟ್ಟಿಯನ್ನು ಎಷ್ಟು ಸಲ ಓದಿದರೂ "ಸರ್ಕಾರಿ ಮಾನಕಕ್ಕೆ ಅನುಗುಣವಾಗಿ ತಯಾರಿಸಿದ್ದರೆ ಹೊಣೆಯಿಲ್ಲ" ಎಂಬ ವಾಕ್ಯ ಸಿಗುವುದಿಲ್ಲ. ಅದರ ಜೊತೆಗೆ, ಈ ಕಾಯ್ದೆ ಬೇರೆ ಕಾನೂನುಗಳಿಗೆ ಹೆಚ್ಚುವರಿಯೇ ಹೊರತು ಅವುಗಳನ್ನು ಕುಗ್ಗಿಸುವುದಿಲ್ಲ ಎಂದು 100ನೇ ಕಲಂ ಹೇಳುತ್ತದೆ. ಇವೆರಡನ್ನೂ ಸೇರಿಸಿ ಓದಿದರೆ, ಮುದ್ರೆ ಇದ್ದ ಮಾತ್ರಕ್ಕೆ ದಾವೆ ಬಿದ್ದುಹೋಗುವುದಿಲ್ಲ ಎಂಬ ತೀರ್ಮಾನಕ್ಕೇ ಬರಬೇಕಾಗುತ್ತದೆ.

ಇದರ ಹಿಂದಿನ ತರ್ಕ ಮುದ್ರೆ ಹೇಗೆ ಬರುತ್ತದೆ ಎಂಬುದರಲ್ಲಿದೆ. ಪರವಾನಗಿ ಕೊಡುವ ಮೊದಲು ಕಾರ್ಖಾನೆಯನ್ನು ನೋಡುತ್ತಾರೆ, ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ, ಆಮೇಲೆ ಆಗಾಗ ಕಾರ್ಖಾನೆಯಿಂದಲೂ ಮಾರುಕಟ್ಟೆಯಿಂದಲೂ ಮಾದರಿ ಎತ್ತುತ್ತಾರೆ. ದಿನನಿತ್ಯದ ಪರೀಕ್ಷೆ ಕಾರ್ಖಾನೆಯದೇ ಜವಾಬ್ದಾರಿ. ಅಂದರೆ ಮುದ್ರೆ ಹೇಳುವುದು "ಈ ಕಾರ್ಖಾನೆಗೆ ಮಾನಕದಂತೆ ತಯಾರಿಸುವ ಸಾಮರ್ಥ್ಯವಿದೆ, ಮಾದರಿ ಪಾಸಾಗಿದೆ" ಎಂದಷ್ಟೇ. ನಿಮ್ಮ ಒಲೆಯ ಮೇಲಿರುವ ಆ ಒಂದು ಕುಕ್ಕರಿನ ಸೇಫ್ಟಿ ವಾಲ್ವನ್ನು ಯಾವ ಅಧಿಕಾರಿಯೂ ಮುಟ್ಟಿ ನೋಡಿರುವುದಿಲ್ಲ. ಮಾನಕ ಎಂಬುದು ಇದಕ್ಕಿಂತ ಕೆಳಗೆ ಇಳಿಯಬಾರದೆಂಬ ಗೆರೆ. ಗೆರೆಯ ಮೇಲೆ ನಿಂತವರು ಇನ್ನೂ ಸುರಕ್ಷಿತವಾಗಿ ಮಾಡಬಹುದಿತ್ತೇ ಎಂಬ ಪ್ರಶ್ನೆ ಹಾಗೇ ಉಳಿದಿರುತ್ತದೆ.

2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಪ್ರಕರಣ ಇಲ್ಲಿ ನೆರವಾಗುತ್ತದೆ. 2015ರಲ್ಲಿ ಕೊಂಡ ಕಾರು 2017ರಲ್ಲಿ ಅಪಘಾತಕ್ಕೀಡಾದಾಗ ಮುಂಭಾಗದ ಏರ್‌ಬ್ಯಾಗ್ ತೆರೆಯಲಿಲ್ಲ. ಡಿಕ್ಕಿಯ ರಭಸ ಸಾಕಷ್ಟಿದ್ದರೆ ಮಾತ್ರ ಅದು ತೆರೆಯುತ್ತದೆ ಎಂಬುದು ಕಂಪನಿಯ ವಾದ. ವೇಗ, ಬಲಗಳ ಲೆಕ್ಕ ಹಾಕಲು ಗ್ರಾಹಕರು ಭೌತಶಾಸ್ತ್ರದ ಪರಿಣತರಾಗಿರಬೇಕಿಲ್ಲ, ಮುಂದಿನಿಂದ ಡಿಕ್ಕಿಯಾದರೆ ಏರ್‌ಬ್ಯಾಗ್ ತೆರೆಯುತ್ತದೆಂದು ಅವರು ನಂಬುವುದು ಸಹಜ ಎಂಬ ನಿಲುವಿನೊಂದಿಗೆ ನ್ಯಾಯಾಲಯ ಗ್ರಾಹಕರ ಪರವಾದ ಆದೇಶವನ್ನು ಎತ್ತಿಹಿಡಿಯಿತು. ಅದು ಹಳೆಯ ಕಾಯ್ದೆಯ ಕಾಲದ ದೂರು. ಆದರೂ ಅಳತೆಗೋಲು ಯಾವುದು ಎಂಬುದನ್ನು ಅದು ಸ್ಪಷ್ಟಪಡಿಸಿತು: ವಿವೇಕವುಳ್ಳ ಸಾಮಾನ್ಯ ಖರೀದಿದಾರರು ಎಷ್ಟು ಸುರಕ್ಷತೆ ನಿರೀಕ್ಷಿಸುತ್ತಾರೋ ಅಷ್ಟು.

ಬೇರೆ ದೇಶಗಳಲ್ಲೂ ಈ ಜಗಳ ಹಳೆಯದು. ಅಮೆರಿಕ 1972ರಲ್ಲಿ ಗ್ರಾಹಕ ಉತ್ಪನ್ನ ಸುರಕ್ಷತಾ ಕಾಯ್ದೆ ಮಾಡಿದಾಗಲೇ, ಅದರ ನಿಯಮಗಳನ್ನು ಪಾಲಿಸಿದ ಮಾತ್ರಕ್ಕೆ ಖಾಸಗಿ ಹೊಣೆಯಿಂದ ಯಾರೂ ಮುಕ್ತರಾಗುವುದಿಲ್ಲ ಎಂದು ಬರೆದಿಟ್ಟಿತು. ಆದರೂ ವೈದ್ಯಕೀಯ ಉಪಕರಣಗಳ ವಿಷಯದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಬೇರೆ ದಿಕ್ಕು ಹಿಡಿಯಿತು. ಒಂದೊಂದು ಉಪಕರಣವನ್ನೂ ಔಷಧ ಆಡಳಿತ ಸಂಸ್ಥೆ ಬಿಡಿಬಿಡಿಯಾಗಿ ಪರಿಶೀಲಿಸಿ ಮಾರುಕಟ್ಟೆಗೆ ಬಿಟ್ಟ ಮೇಲೆ, ಅದರ ವಿನ್ಯಾಸ ತಪ್ಪೆಂದು ರಾಜ್ಯದ ನ್ಯಾಯಾಲಯದಲ್ಲಿ ದಾವೆ ಹೂಡುವಂತಿಲ್ಲ ಎಂದಿತು. ಮರುವರ್ಷವೇ, ಚುಚ್ಚುಮದ್ದಿನ ಅಪಾಯದ ಬಗ್ಗೆ ಸಾಕಷ್ಟು ಎಚ್ಚರಿಕೆಯಿಲ್ಲದೆ ಕೈ ಕಳೆದುಕೊಂಡ ಸಂಗೀತಗಾರ್ತಿಯೊಬ್ಬರ ಪ್ರಕರಣದಲ್ಲಿ, ಲೇಬಲ್‌ಗೆ ಸರ್ಕಾರದ ಒಪ್ಪಿಗೆ ಇದ್ದರೂ ಔಷಧ ಕಂಪನಿ ಹೊಣೆಯಿಂದ ಪಾರಾಗದು ಎಂದಿತು. ಯುರೋಪಿನಲ್ಲಿ 1985ರ ನಿರ್ದೇಶನ ಇನ್ನೂ ಕಿರಿದಾದ ವಿನಾಯಿತಿ ಕೊಟ್ಟಿತು: ಕಡ್ಡಾಯ ನಿಯಮ ಪಾಲಿಸಿದ್ದರಿಂದಲೇ ದೋಷ ಉಂಟಾಗಿದ್ದರೆ ಮಾತ್ರ ತಯಾರಕರಿಗೆ ಬಿಡುಗಡೆ.

ಈ ಅನುಭವಗಳಿಂದ ಒಂದು ಸೂತ್ರ ಹೊರಡುತ್ತದೆ. ಸರ್ಕಾರದ ಪರಿಶೀಲನೆ ಎಷ್ಟು ಆಳವಾಗಿತ್ತು ಎಂಬುದರ ಮೇಲೆ ಅದಕ್ಕೆ ದಾವೆಯಲ್ಲಿ ಎಷ್ಟು ತೂಕ ಎಂಬುದು ನಿಲ್ಲಬೇಕು. ಮಾದರಿ ಪರೀಕ್ಷೆಯ ಮೇಲೆ ನಿಂತ ಐಎಸ್‌ಐ ಮುದ್ರೆಗೆ ಸಾಕ್ಷ್ಯದ ತೂಕ ಖಂಡಿತ ಇದೆ, ದೂರು ಕೇಳುವ ಗ್ರಾಹಕರ ಆಯೋಗ ಅದನ್ನು ಗಮನಿಸಲೇಬೇಕು. ಆದರೆ ಅದಕ್ಕೆ ಗುರಾಣಿಯ ಸ್ಥಾನ ಕೊಡುವುದು ಅದು ಹೊರಲಾರದ ಭಾರ ಹೊರಿಸಿದಂತೆ.

ಉಲ್ಟಾ ಪ್ರಶ್ನೆಗೂ ಉತ್ತರ ಬೇಕು. ಕಡ್ಡಾಯವಿದ್ದೂ ಮುದ್ರೆ ಇಲ್ಲದಿದ್ದರೆ ಪರಿಹಾರ ತಾನಾಗಿಯೇ ಸಿಗುತ್ತದೆಯೇ? ಇಲ್ಲ. ಮುದ್ರೆಯಿಲ್ಲದಿರುವುದು ಅಪರಾಧ ಸರಿ, ಆದರೆ ಗಾಯಕ್ಕೆ ಕಾರಣ ಆ ದೋಷವೇ ಎಂಬ ಕೊಂಡಿಯನ್ನು ದೂರುದಾರರು ತೋರಿಸಬೇಕು. ಮುದ್ರೆ ಇದ್ದೂ ವಸ್ತು ಮಾನಕಕ್ಕೆ ತಕ್ಕಂತಿಲ್ಲದಿದ್ದರೆ, ಗಾಯಗೊಂಡ ಗ್ರಾಹಕರಿಗೆ ಪರವಾನಗಿದಾರರಿಂದ ಪರಿಹಾರ ಕೊಡಿಸಲು ಮಾನಕ ಬ್ಯೂರೊ ಕಾಯ್ದೆಯ 31ನೇ ಕಲಂ ಅವಕಾಶ ಕೊಡುತ್ತದೆ. ಎರಡು ಕಾನೂನುಗಳ ನಡುವಿನ ಈ ಸಣ್ಣ ಬಾಗಿಲು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಇನ್ನು, ಕರಕುಶಲಕರ್ಮಿಗಳ ಆಟಿಕೆಗಳಿಗೂ ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗಳಿಗೂ ಐಎಸ್‌ಐ ಕಡ್ಡಾಯದಿಂದ ವಿನಾಯಿತಿ ಇದೆ. ಆ ವಿನಾಯಿತಿ ಮುದ್ರೆಯಿಂದ ಮಾತ್ರ, ಮಗುವಿಗೆ ಆಗುವ ಹಾನಿಯ ಹೊಣೆಯಿಂದ ಅಲ್ಲ.

ತಗಡಿನ ಕೂಲರ್: ಇಲ್ಲಿ ತಯಾರಕರು ಯಾರು?

ಕಾನೂನನ್ನು ನಮ್ಮ ನೆಲಕ್ಕೆ ಇಳಿಸಿ ನೋಡಲು ಕೂಲರ್‌ಗಿಂತ ಒಳ್ಳೆಯ ವಸ್ತು ಸಿಗಲಾರದು. ಏಪ್ರಿಲ್ ಬರುತ್ತಿದ್ದಂತೆ ಕಲಬುರಗಿ, ಯಾದಗಿರಿಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ರಸ್ತೆಬದಿಯಲ್ಲಿ ತಗಡಿನ ಕೂಲರ್‌ಗಳು ಸಾಲಾಗಿ ನಿಲ್ಲುತ್ತವೆ. ಪೆಟ್ಟಿಗೆ ಊರಿನ ವೆಲ್ಡಿಂಗ್ ಶಾಪಿನದು. ಫ್ಯಾನಿನ ಮೋಟಾರು ಒಂದು ಊರಿನದು, ತೊಟ್ಟಿಯಲ್ಲಿ ಮುಳುಗಿರುವ ಪುಟ್ಟ ಪಂಪು ಇನ್ನೊಂದು ಊರಿನದು, ಮೂರು ಬದಿಯ ಹುಲ್ಲಿನ ಪ್ಯಾಡು ಮತ್ತೊಬ್ಬರದು. ಎಲ್ಲವನ್ನೂ ಜೋಡಿಸಿ, ವೈರು ಎಳೆದು, ಮೇಲೊಂದು ಸ್ಟಿಕ್ಕರ್ ಅಂಟಿಸುವುದು ಮಾರುವ ಅಂಗಡಿಯವರೇ. ಕೂಲರ್‌ಗೆ ಐಎಸ್ 3315 ಎಂಬ ಮಾನಕ ಇದೆ. ರಸ್ತೆಬದಿಯ ಪೆಟ್ಟಿಗೆಯ ಮೇಲೆ ಆ ಸಂಖ್ಯೆಯನ್ನು ಹುಡುಕಿದರೆ ಸಿಗುವುದು ಕಷ್ಟ.

ಅಪಾಯ ಹುಟ್ಟುವ ಬಗೆ ಸರಳ. ಪಂಪಿನ ಅಥವಾ ಮೋಟಾರಿನ ವೈರಿನ ಹೊದಿಕೆ ಸವೆದರೆ ಕರೆಂಟು ತೇವಗೊಂಡ ತಗಡಿಗೆ ಇಳಿಯುತ್ತದೆ. ಅರ್ಥಿಂಗ್ ಸರಿಯಿದ್ದರೆ ಅದು ನೆಲಕ್ಕೆ ಹರಿದು ಫ್ಯೂಸ್ ಹಾರುತ್ತದೆ. 30 ಮಿಲಿ ಆಂಪಿಯರ್‌ನ ಸೋರಿಕೆ ತಡೆ ಸ್ವಿಚ್ ಇದ್ದರೆ ಕ್ಷಣಾರ್ಧದಲ್ಲಿ ಲೈನು ಕಡಿತವಾಗುತ್ತದೆ. ಎರಡೂ ಇಲ್ಲದ ಮನೆಯಲ್ಲಿ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ತೊಟ್ಟಿಗೆ ನೀರು ಸುರಿಯುವವರ ದೇಹವೇ ಆ ಕರೆಂಟಿಗೆ ದಾರಿಯಾಗುತ್ತದೆ. ನೀರು ಸುರಿಯುವ ಕೆಲಸ ಹೆಚ್ಚಾಗಿ ಹೆಂಗಸರು, ಮಕ್ಕಳ ಪಾಲಿಗೆ ಬಂದಿರುತ್ತದೆ ಎಂಬುದನ್ನೂ ಮರೆಯಬಾರದು.

ಇಂಥ ಪ್ರಕರಣದಲ್ಲಿ "ನಾವು ಬರೀ ಮಾರುವವರು" ಎಂಬ ಉತ್ತರಕ್ಕೆ ಕಾಯ್ದೆಯಲ್ಲಿ ಜಾಗ ಕಡಿಮೆ. ಬೇರೆಯವರ ಬಿಡಿಭಾಗಗಳನ್ನು ಜೋಡಿಸುವವರು, ತಮ್ಮ ಗುರುತು ಹಾಕಿ ಮಾರುವವರು ಕೂಡ ಕಾಯ್ದೆಯ ವ್ಯಾಖ್ಯೆಯಲ್ಲಿ ತಯಾರಕರೇ. ಅದು ಅನ್ವಯಿಸದಿದ್ದರೂ 86ನೇ ಕಲಂ ಇದೆ. ಮೂಲ ತಯಾರಕರು ಯಾರೆಂದು ತಿಳಿಯದಿದ್ದರೆ, ಅವರಿಗೆ ನೋಟಿಸು ತಲುಪಿಸಲಾಗದಿದ್ದರೆ, ಅಥವಾ ಜೋಡಿಸುವಾಗ, ಪರೀಕ್ಷಿಸುವಾಗ ಸಾಕಷ್ಟು ಎಚ್ಚರ ವಹಿಸದಿದ್ದರೆ ಹೊಣೆ ಮಾರಾಟಗಾರರ ಹೆಗಲಿಗೇ ಬರುತ್ತದೆ. ಹೈದರಾಬಾದಿನ ಸಗಟು ಬಜಾರಿನಿಂದ ಹೆಸರಿಲ್ಲದ ಮಾಲು ತಂದು ಮಾರುವ ಬೀದರಿನ ಅಂಗಡಿಯವರು ಈ ಒಂದು ಕಲಮನ್ನಾದರೂ ಓದಿಕೊಳ್ಳಬೇಕು. ತಂದ ಮಾಲಿನ ಬಿಲ್ಲಿನಲ್ಲಿ ತಯಾರಕರ ಹೆಸರು, ವಿಳಾಸ ಇರುವುದು ಅವರಿಗೇ ರಕ್ಷಣೆ.

ಅಂಗಡಿಯವರ ವಾದಗಳು ಎರಡು. ಮನೆಯಲ್ಲಿ ಅರ್ಥಿಂಗ್ ಇರಲಿಲ್ಲ, ಮೂರು ಪಿನ್ನಿನ ಪ್ಲಗ್ ಕಿತ್ತು ಎರಡು ಪಿನ್ನಿನದು ಹಾಕಿಕೊಂಡರು ಎಂಬುದು ಮೊದಲನೆಯದು. ನಿಜವಾಗಿ ಪ್ಲಗ್ ಬದಲಾಯಿಸಿದ್ದರೆ ಈ ವಾದಕ್ಕೆ ತೂಕವಿದೆ. ಕುಕ್ಕರಿಗೂ ಇದೇ ಅನ್ವಯ: ಕಂಪನಿಯ ಸೇಫ್ಟಿ ವಾಲ್ವ್ ಹೋದಾಗ ಬಜಾರಿನ ಯಾವುದೋ ವಾಲ್ವ್ ಹಾಕಿಸಿಕೊಂಡವರ ದಾವೆ ಅಲ್ಲೇ ದುರ್ಬಲವಾಗುತ್ತದೆ. ನೀರಿಗೂ ಕರೆಂಟಿಗೂ ಆಗಿಬರದು ಎಂಬುದು ಎಲ್ಲರಿಗೂ ಗೊತ್ತಿರುವ ಅಪಾಯ ಎಂಬುದು ಎರಡನೆಯದು. ಕಾಯ್ದೆಯನ್ನು ಸೂಕ್ಷ್ಮವಾಗಿ ಓದಿದರೆ, ಎಲ್ಲರಿಗೂ ಗೊತ್ತಿರುವ ಅಪಾಯ ಎಂಬ ರಿಯಾಯಿತಿ ಎಚ್ಚರಿಕೆ ಕೊಡದ ಆರೋಪಕ್ಕೆ ಮಾತ್ರ ಸಲ್ಲುತ್ತದೆ. ಹೊದಿಕೆ ಸವೆಯುವಂತೆ ವೈರನ್ನು ತಗಡಿನ ಅಂಚಿನ ಮೇಲೆ ಎಳೆದದ್ದು ಜೋಡಣೆಯ ದೋಷ. ಅದಕ್ಕೆ ಆ ರಿಯಾಯಿತಿ ಹೊಂದದು. ಎಚ್ಚರಿಕೆಯ ಚೀಟಿ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಅದು ಚಿತ್ತಾಪುರದ, ಶಹಾಪುರದ ಮನೆಗೆ "ಸಾಕಷ್ಟು" ಎಚ್ಚರಿಕೆಯಾಗುತ್ತದೆಯೇ ಎಂಬುದನ್ನೂ ಆಯೋಗದ ಮುಂದೆ ಎತ್ತಬಹುದು, ಎತ್ತಬೇಕು ಎಂಬುದು ಈ ಲೇಖನದ ಅಭಿಪ್ರಾಯ.

ಉದ್ದಿಮೆಯ ಅಳಲು, ಗ್ರಾಹಕರ ಭಯ

ಕಪನೂರ, ಹುಮನಾಬಾದ್, ಕಡೇಚೂರು ಕೈಗಾರಿಕಾ ಪ್ರದೇಶಗಳ ಸಣ್ಣ ಉದ್ದಿಮೆದಾರರ ದೃಷ್ಟಿಯಿಂದ ನೋಡಿದರೆ ಇದು ಎರಡು ಕಡೆಯ ಏಟು. ಪರವಾನಗಿ ಶುಲ್ಕ, ಪರೀಕ್ಷೆಯ ಖರ್ಚು, ಕಾರ್ಖಾನೆಯಲ್ಲೇ ಪ್ರಯೋಗಾಲಯ, ಇಷ್ಟೆಲ್ಲ ಮಾಡಿ ಮುದ್ರೆ ಪಡೆದ ಮೇಲೂ ದಾವೆಯ ಭಯ ಇದ್ದದ್ದೇ ಎಂದಾದರೆ ಮುದ್ರೆಗೆ ಏಕೆ ಹಣ ಸುರಿಯಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಸೂಕ್ಷ್ಮ ಉದ್ದಿಮೆಗಳಿಗೆ ಈ ಆದೇಶಗಳಲ್ಲಿ ಹೆಚ್ಚಿನ ಕಾಲಾವಕಾಶ ಕೊಡುವ ರೂಢಿ ಇದೆ. ಆದರೆ ಖರ್ಚು ಕಾಲದೊಂದಿಗೆ ಕರಗುವುದಿಲ್ಲ. ಹಾಗಾಗಿ ಮಾನಕ ಪಾಲಿಸಿದವರಿಗೆ ದಾವೆಯಿಂದ ರಕ್ಷಣೆ ಬೇಕೆಂಬ ಬೇಡಿಕೆ ಬಲಗೊಳ್ಳುವುದು ಸಹಜ.

ಎದುರಿನ ವಾದವೂ ಗಟ್ಟಿಯಾಗಿದೆ. ಮುದ್ರೆ ಗುರಾಣಿಯಾದರೆ, ಮಾನಕ ಬರೆದ ದಿನಕ್ಕೇ ಸುರಕ್ಷತೆ ನಿಂತುಹೋಗುತ್ತದೆ. ಆಮೇಲೆ ತಿಳಿದುಬಂದ ಅಪಾಯವನ್ನು ಸರಿಪಡಿಸಲು ತಯಾರಕರಿಗೆ ಒತ್ತಡವೇ ಇರುವುದಿಲ್ಲ. ಇನ್ನೊಂದು ಪಂಥ ದಾವೆ ಇದೆಯಲ್ಲ, ಕಡ್ಡಾಯ ನಿಯಮ ಏಕೆ ಎನ್ನುತ್ತದೆ. ಈ ವಾದ ತಗಡಿನ ಕೂಲರ್‌ನ ಮುಂದೆ ಬೀಳುತ್ತದೆ. ಹತ್ತು ಲಕ್ಷ ಪರಿಹಾರಕ್ಕೆ ಆದೇಶವಾದರೂ, ಬಾಡಿಗೆ ಶೆಡ್ಡಿನಲ್ಲಿ ಕೂಲರ್ ಜೋಡಿಸುವ ಕುಶಲಕರ್ಮಿಯ ಬಳಿ ಅಷ್ಟು ಹಣ ಎಲ್ಲಿಂದ ಬರಬೇಕು? ಕಟ್ಟಲಾರದವರ ಮೇಲೆ ಹೊರಿಸಿದ ಹೊಣೆ ಕಾಗದದ ಮೇಲೇ ಉಳಿಯುತ್ತದೆ, ತೆರಲಾರದ ದಂಡದ ಭಯ ಯಾರನ್ನೂ ಎಚ್ಚರಗೊಳಿಸುವುದಿಲ್ಲ. ಆದ್ದರಿಂದ ತಯಾರಕರು ಸಣ್ಣವರಾಗಿರುವಲ್ಲಿ ನಿಯಮದ ಅಗತ್ಯ ಹೆಚ್ಚು, ಅದರ ಖರ್ಚನ್ನು ಅವರಿಗೆ ತಗ್ಗಿಸಿಕೊಡುವ ಹೊಣೆ ಸರ್ಕಾರದ್ದು.

ಇವೆರಡರ ನಡುವೆ ವಿಮೆಯ ದಾರಿಯೂ ಇದೆ. ಸರ್ಕಾರಿ ತೈಲ ಕಂಪನಿಗಳು ಅಡುಗೆ ಅನಿಲದ ಅಪಘಾತಗಳಿಗೆ ಸಾರ್ವಜನಿಕ ಹೊಣೆಗಾರಿಕೆ ವಿಮೆ ಮಾಡಿಸಿವೆ. ಸಾವಿಗೆ ತಲಾ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ತಲಾ ಗರಿಷ್ಠ 2 ಲಕ್ಷ, ನೋಂದಾಯಿತ ಮನೆಯ ಆಸ್ತಿನಷ್ಟಕ್ಕೆ ಗರಿಷ್ಠ 2 ಲಕ್ಷದವರೆಗೆ ಅದರಲ್ಲಿ ಸಿಗುತ್ತದೆ. ಗ್ರಾಹಕರು ಬೇರೆ ಪ್ರೀಮಿಯಂ ಕಟ್ಟಬೇಕಿಲ್ಲ. ಸಣ್ಣ ತಯಾರಕರ ಸಂಘಗಳು ಗುಂಪಾಗಿ ಇಂಥ ವಿಮೆ ಪಡೆದರೆ, ಗಾಯಗೊಂಡವರಿಗೂ ಹಣ ಸಿಗುತ್ತದೆ, ಒಂದೇ ಅನಾಹುತದಿಂದ ಉದ್ದಿಮೆಯೂ ಮುಳುಗುವುದಿಲ್ಲ.

ದಾವೆ ಏಕೆ ಹುಟ್ಟುವುದೇ ಇಲ್ಲ

ಬಾಗಿಲು ತೆರೆದೇ ಇದೆ. ಕಲಬುರಗಿ, ಬೀದರ್, ಯಾದಗಿರಿಯ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲಿದ್ದರೂ ಸರಿ. ವಸ್ತುವಿನ ಬೆಲೆ ಐದು ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ. ಜಿಲ್ಲಾ ಆಯೋಗದ ವ್ಯಾಪ್ತಿಯನ್ನು ನಿರ್ಧರಿಸುವುದು ಕೊಟ್ಟ ಬೆಲೆಯೇ ಹೊರತು ಕೇಳುವ ಪರಿಹಾರವಲ್ಲ. 50 ಲಕ್ಷದವರೆಗಿನ ಬೆಲೆಯ ವಸ್ತುಗಳೆಲ್ಲ ಅಲ್ಲಿಗೇ ಬರುತ್ತವೆ. ಬೆಂಕಿ ಹೊತ್ತಿಕೊಂಡ ಕಾರಿನಲ್ಲಿ ಪತಿಯನ್ನು ಕಳೆದುಕೊಂಡ ಮಹಿಳೆಯೊಬ್ಬರು ಐವತ್ತು ಕೋಟಿಗೂ ಮೀರಿ ಪರಿಹಾರ ಕೇಳಿದ್ದರು. ಕಾರಿನ ಬೆಲೆ ಸುಮಾರು 31 ಲಕ್ಷವಾದ್ದರಿಂದ ಅವರು ಜಿಲ್ಲಾ ಆಯೋಗಕ್ಕೇ ಹೋಗಬೇಕಾಯಿತು. ಈ ವ್ಯವಸ್ಥೆ ಸಂವಿಧಾನಬದ್ಧ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು. ಅದರ ಅರ್ಥ, ಕೆಲವು ಸಾವಿರದ ಕೂಲರ್‌ನಿಂದಾದ ಸಾವಿಗೆ ಎಷ್ಟೇ ಲಕ್ಷ ಪರಿಹಾರ ಕೇಳಿದರೂ ಶುಲ್ಕವಿಲ್ಲದೆ ಊರಿನಲ್ಲೇ ಕೇಳಬಹುದು.

ಕೊರತೆ ಇರುವುದು ಸಾಕ್ಷ್ಯದಲ್ಲಿ. ಬಿಲ್ಲಿನ ಬದಲು ಸಿಕ್ಕಿದ್ದು ಅಂಗಡಿಯ ಕಚ್ಚಾ ಚೀಟಿ, ಅದೂ ಉಳಿದಿರುವುದಿಲ್ಲ. ಅನಾಹುತ ಮಾಡಿದ ಕೂಲರ್ ಮನೆಯಲ್ಲಿರುವುದೇ ಬೇಡವೆಂದು ತಿಥಿಗೆ ಮೊದಲೇ ಗುಜರಿಗೆ ಹೋಗಿರುತ್ತದೆ. ಆ ನೋವು ಅರ್ಥವಾಗುವಂಥದ್ದು, ಆದರೆ ದಾವೆಯ ಪ್ರಾಣವೂ ಆ ತಗಡಿನ ಜೊತೆಗೇ ಹೋಗುತ್ತದೆ. ದೋಷವನ್ನು ಕಣ್ಣಳತೆಯಲ್ಲಿ ತೀರ್ಮಾನಿಸಲಾಗದಿದ್ದರೆ ಆಯೋಗ ವಸ್ತುವಿನ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬೇಕು ಎಂದು 38ನೇ ಕಲಂ ಹೇಳುತ್ತದೆ. ಕಳಿಸಲು ವಸ್ತು ಇರಬೇಕಲ್ಲ. ವಿದ್ಯುತ್ ಸಾವುಗಳಲ್ಲಿ ಪೊಲೀಸರ ಅಸ್ವಾಭಾವಿಕ ಮರಣದ ದಾಖಲೆ, ಮರಣೋತ್ತರ ಪರೀಕ್ಷೆಯ ವರದಿ, ವಿದ್ಯುತ್ ಪರಿವೀಕ್ಷಣಾಲಯದ ತನಿಖೆ ನಡೆದಿದ್ದರೆ ಅದರ ಪ್ರತಿ, ಇವು ಮೂರೂ ಕೈಯಲ್ಲಿದ್ದರೆ ಪ್ರಕರಣದ ಮುಖವೇ ಬೇರೆ. ದೂರಿಗೆ ಎರಡು ವರ್ಷದ ಗಡುವು ಇದೆ.

ದಾವೆ ಹುಟ್ಟದಿದ್ದರೆ ನಷ್ಟ ಆ ಕುಟುಂಬಕ್ಕೆ ಮಾತ್ರ ಸೀಮಿತವಲ್ಲ. ಯಾವ ವಸ್ತು ಎಲ್ಲಿ ಕೈಕೊಡುತ್ತಿದೆ ಎಂಬ ಸುಳಿವು ನಿಯಂತ್ರಕರಿಗೆ ಸಿಗುವುದು ದೂರುಗಳಿಂದಲೇ. ಮೂರು ಜಿಲ್ಲೆಗಳಲ್ಲಿ ಪ್ರತಿ ಬೇಸಿಗೆಯೂ ಒಂದೇ ಬಗೆಯ ಅನಾಹುತ ನಡೆದರೂ, ಅವೆಲ್ಲ ವಿಧಿಯಾಟವೆಂದು ಮುಚ್ಚಿಹೋದರೆ ದೆಹಲಿಯ ಕಡತದಲ್ಲಿ ಅಲ್ಲಿ ಸಮಸ್ಯೆಯೇ ಇಲ್ಲ. ಸಮಸ್ಯೆ ಕಾಣದ ಕಡೆ ನಿಯಮ ಬಾರದು, ನಿಯಮವಿಲ್ಲದ ಕಡೆ ಪರೀಕ್ಷೆಯ ವರದಿ ಇರದು, ವರದಿಯಿಲ್ಲದೆ ಮುಂದಿನ ದಾವೆಗೂ ಸಾಕ್ಷ್ಯವಿರದು. ಒಂದನ್ನೊಂದು ಬಲಪಡಿಸಬೇಕಾದ ಎರಡು ವ್ಯವಸ್ಥೆಗಳು ಹೀಗೆ ಒಂದನ್ನೊಂದು ಸೊರಗಿಸುತ್ತವೆ.

ಮುಂದೆ ಏನಾಗಬಹುದು

ಮರುಪರಿಶೀಲನೆ ಕಚ್ಚಾವಸ್ತುಗಳಲ್ಲೇ ನಿಂತರೆ ಗ್ರಾಹಕರಿಗೆ ದೊಡ್ಡ ವ್ಯತ್ಯಾಸವಾಗದು, ಬೆಲೆ ತುಸು ಇಳಿಯಲೂಬಹುದು. ಅದು ಮನೆಬಳಕೆಯ ವಸ್ತುಗಳತ್ತ ಹೊರಳಿದರೆ, ಅಥವಾ ವಿದ್ಯುತ್ ಉಪಕರಣಗಳ ಆದೇಶ ಮುಂದಕ್ಕೆ ಹೋಗುತ್ತಲೇ ಇದ್ದರೆ, ತಪಾಸಣೆಯ ಕೆಲಸ ಅನಾಹುತದ ನಂತರದ ವಿಚಾರಣೆಗೆ ಬೀಳುತ್ತದೆ. ಪರೀಕ್ಷೆ ಬೇಕಾದ ದೂರನ್ನು ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಹೊರೆ ಹೆಚ್ಚಿದಾಗ ಆ ಗಡುವು ಉಳಿಯಬೇಕಾದರೆ ಜಿಲ್ಲಾ ಆಯೋಗಗಳ ಹುದ್ದೆಗಳು ಖಾಲಿ ಇರಬಾರದು, ಪ್ರಯೋಗಾಲಯ ಹತ್ತಿರದಲ್ಲಿರಬೇಕು.

ಅಷ್ಟರವರೆಗೆ ಜಿಲ್ಲೆಯ ಮಟ್ಟದಲ್ಲೇ ಬಳಸಬಹುದಾದ ಒಂದು ಅಧಿಕಾರ ಕಾಯ್ದೆಯಲ್ಲಿದೆ. ಗ್ರಾಹಕರ ಸಮೂಹದ ಹಕ್ಕಿಗೆ ಧಕ್ಕೆಯಾಗುತ್ತಿದೆ ಎಂದು ದೂರು ಬಂದರೆ, 16ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿ ತಮ್ಮ ವ್ಯಾಪ್ತಿಯಲ್ಲಿ ವಿಚಾರಣೆ ನಡೆಸಿ ಕೇಂದ್ರ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ಆ ವರದಿಯ ಆಧಾರದ ಮೇಲೆ ಪ್ರಾಧಿಕಾರ ತನಿಖೆ ನಡೆಸಿ, 20ನೇ ಕಲಮಿನ ಅಡಿ ಅಪಾಯಕಾರಿ ಮಾಲನ್ನು ಹಿಂದಕ್ಕೆ ಪಡೆಯಲು ಆದೇಶಿಸಬಹುದು. ತಗಡಿನ ಕೂಲರ್‌ಗಳ ಬಗ್ಗೆ ಯಾರಾದರೂ ಒಂದು ಲಿಖಿತ ದೂರನ್ನು, ಹಿಂದಿನ ಬೇಸಿಗೆಗಳ ಪೊಲೀಸ್ ದಾಖಲೆಗಳ ಪ್ರತಿಗಳೊಂದಿಗೆ, ಫೆಬ್ರವರಿಯೊಳಗೆ ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟರೆ, ಮಾರುಕಟ್ಟೆಗೆ ಕೂಲರ್ ಬರುವ ಮೊದಲು ತಪಾಸಣೆ ಶುರುಮಾಡಲು ಸಮಯವಿರುತ್ತದೆ.